ಕಟ್ಟೆಯ ಲೆಕ್ಕ ಗೊತ್ತಿರುವ ಮನೆಯಲ್ಲಿ ಲೋಕದ ಲೆಕ್ಕ

ಮಂಡ್ಯ, ಮೈಸೂರು ಕಡೆ ಮಳೆಗಾಲ ಶುರುವಾಯಿತೆಂದರೆ ಬೆಳಿಗ್ಗೆ ಪೇಪರ್ ತೆಗೆದವರ ಕಣ್ಣು ಮೊದಲು ಹೋಗುವುದು ಒಂದು ಪುಟ್ಟ ಚೌಕಕ್ಕೆ. ಕೆಆರ್‌ಎಸ್ ನೀರಿನ ಮಟ್ಟ. ಗರಿಷ್ಠ 124.80 ಅಡಿ. ಇಂದಿನ ಮಟ್ಟ ಇಷ್ಟು. ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಜೊತೆಗೆ, ಕಳೆದ ವರ್ಷ ಇದೇ ದಿನ ಎಷ್ಟಿತ್ತು ಅನ್ನೋ ಲೆಕ್ಕ. ಶಾಲೆಯ ಮೆಟ್ಟಿಲು ಹತ್ತದ ಅಜ್ಜನೂ ಮೊಮ್ಮಗನ ಕೈಲಿ ಓದಿಸುತ್ತಾನೆ. "ಕಟ್ಟೆ ಎಷ್ಟಾಯ್ತಪ್ಪ ಇವತ್ತು?" ನೂರು ಅಡಿ ಅಂದಾಕ್ಷಣ ಅವನು ಕುಣಿಯುವುದೂ ಇಲ್ಲ, ತಲೆ ಮೇಲೆ ಕೈ ಹೊತ್ತು ಕೂರುವುದೂ ಇಲ್ಲ. ಏರ್ತಾ ಇದೆಯಾ, ಇಳೀತಾ ಇದೆಯಾ, ಹೋದ ವರ್ಷ ಎಷ್ಟಿತ್ತು, ಕೊಡಗಲ್ಲಿ ಮಳೆ ಹೇಗಿದೆ, ಇಷ್ಟೂ ಕೇಳಿದ ಮೇಲೆಯೇ ಭತ್ತದ ಒಟ್ಲು ಹಾಕೋದಾ ಬೇಡ್ವಾ ಅನ್ನೋ ತೀರ್ಮಾನ.

ಅದೇ ಮನೆಯಲ್ಲಿ ರಾತ್ರಿ ಟಿವಿ ಹಾಕಿದರೆ ಕಥೆ ಬೇರೆ. ಕೊಲೆ, ಅಪಘಾತ, ಯುದ್ಧ, ಹೊಸ ವೈರಸ್. ಕೆಂಪು ಪಟ್ಟಿ, ಎದೆ ನಡುಗಿಸುವ ಮ್ಯೂಸಿಕ್. ಅಲ್ಲಿ ಇವತ್ತಿನ ಸಂಖ್ಯೆ ಒಂದೇ ಇರುತ್ತದೆ. ಹಿಂದೆ ಎಷ್ಟಿತ್ತು, ಏರಿದೆಯಾ ಇಳಿದಿದೆಯಾ ಎಂದು ಅವರೂ ಹೇಳಲ್ಲ, ನಾವೂ ಕೇಳಲ್ಲ. ಅರ್ಧ ಗಂಟೆಯಲ್ಲಿ ಮನೆಮಂದಿಯೆಲ್ಲ ಒಂದೇ ಮಾತಿಗೆ ಬಂದಿರುತ್ತಾರೆ: "ಕಾಲ ಕೆಟ್ಟೋಯ್ತು." ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಾ ಕೂತ ಮಗು ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ಇರುತ್ತದೆ.

ಮಕ್ಕಳಲ್ಲಿ ಭರವಸೆ ಉಳಿಸೋಕೆ "ಪಾಸಿಟಿವ್ ಆಗಿ ಯೋಚನೆ ಮಾಡು" ಎಂದು ಬೋಧಿಸಬೇಕಾಗಿಲ್ಲ. ಕಟ್ಟೆಯ ವಿಷಯದಲ್ಲಿ ಕೇಳುವ ಪ್ರಶ್ನೆಗಳನ್ನೇ ಲೋಕದ ವಿಷಯದಲ್ಲೂ ಕೇಳಿದರೆ ಸಾಕು. ಬಹಳ ಸಲ ಉತ್ತರ ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿರುತ್ತದೆ. ಕೆಲವು ಸಲ ಇರಲ್ಲ. ಎರಡನ್ನೂ ಮಕ್ಕಳಿಗೆ ಹೇಳಬೇಕು.

ಮೊದಲು, ಸುದ್ದಿ ಹೀಗೇಕೆ ಇರುತ್ತದೆ ಅನ್ನೋದು. ಇದರಲ್ಲಿ ದೊಡ್ಡ ಪಿತೂರಿ ಏನಿಲ್ಲ. ಸುದ್ದಿ ಅಂದರೆ ಇವತ್ತು ಆದದ್ದು. ಕೆಟ್ಟದ್ದು ಒಂದು ಕ್ಷಣದಲ್ಲಿ ಆಗಿಬಿಡುತ್ತದೆ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಆ ದಿನ ಮಂಡ್ಯದಲ್ಲಿ ಬೇರೆ ಮಾತೇ ಇರಲಿಲ್ಲ. ಇರಬೇಕಾದದ್ದೂ ಹಾಗೇ. ಆದರೆ ಒಳ್ಳೆಯದು ಹೀಗೆ ಒಂದು ದಿನದಲ್ಲಿ ಆಗಲ್ಲ. 1951ರಲ್ಲಿ ದೇಶದ ನೂರು ಹೆಣ್ಣುಮಕ್ಕಳಲ್ಲಿ ಓದು ಬರಹ ಬಲ್ಲವರು ಒಂಬತ್ತು ಜನವೂ ಇರಲಿಲ್ಲ. 2011ಕ್ಕೆ ಅದು 65ರ ಆಸುಪಾಸಿಗೆ ಬಂತು. ಇದನ್ನು ಯಾವ ದಿನದ ಪೇಪರಿನಲ್ಲಿ ಹಾಕೋದು ಹೇಳಿ? ಅರವತ್ತು ವರ್ಷ ಪ್ರತಿದಿನ ಸ್ವಲ್ಪ ಸ್ವಲ್ಪವೇ ಆದದ್ದು ಯಾವತ್ತೂ ಮುಖಪುಟಕ್ಕೆ ಬರಲ್ಲ.

ಇನ್ನು ನಮ್ಮ ಮನಸ್ಸಿನ ಪಾಲೂ ಇದೆ. ಹೆದರಿಸುವ ಮಾತಿಗೆ ನಾವು ಬೇಗ ತಿರುಗುತ್ತೇವೆ. ಇಂಗ್ಲಿಷ್ ವೆಬ್‌ಸೈಟ್ ಒಂದರ ಲಕ್ಷಕ್ಕೂ ಹೆಚ್ಚು ತಲೆಬರಹಗಳನ್ನು ಜರಡಿ ಹಿಡಿದ ಅಧ್ಯಯನವೊಂದು 2023ರಲ್ಲಿ ಬಂತು. ತಲೆಬರಹದಲ್ಲಿ ಭಯ, ದುಃಖದಂಥ ಕೆಟ್ಟದ್ದನ್ನು ಸೂಚಿಸುವ ಪದ ಒಂದು ಜಾಸ್ತಿಯಾದರೆ ಕ್ಲಿಕ್ ಸುಮಾರು ಶೇ 2.3ರಷ್ಟು ಜಾಸ್ತಿ. ಒಂದು ಪದಕ್ಕೆ ಇಷ್ಟಾದರೆ, ಗಂಟೆಗಟ್ಟಲೆ ಪೈಪೋಟಿ ನಡೆಸುವ ಚಾನೆಲ್‌ಗಳು ಏನು ಮಾಡಬಹುದು ಅನ್ನೋದು ಊಹೆಗೆ ಬಿಟ್ಟದ್ದು. ಕ್ಲಿಕ್ ಮಾಡುವವರು ನಾವೇ ಅಲ್ವಾ?

ಇದಕ್ಕಿಂತ ನನ್ನನ್ನು ತಟ್ಟಿದ್ದು ಇನ್ನೊಂದು ಅಧ್ಯಯನ. 2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟವಾಯಿತು. ಆಮೇಲಿನ ವಾರದಲ್ಲಿ ದಿನಕ್ಕೆ ಆರು ಗಂಟೆ, ಅದಕ್ಕೂ ಹೆಚ್ಚು ಹೊತ್ತು ಅದರದೇ ಸುದ್ದಿ ನೋಡಿದವರಲ್ಲಿ ಕಂಡ ಮಾನಸಿಕ ಒತ್ತಡ, ಸ್ಫೋಟದ ಜಾಗದಲ್ಲೋ ಅದರ ಹತ್ತಿರದಲ್ಲೋ ಇದ್ದವರಿಗಿಂತ ಹೆಚ್ಚಿತ್ತು. ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದರೆ ಮನಸ್ಸಿಗೆ ಅದು ಮತ್ತೆ ಮತ್ತೆ ಆದ ಹಾಗೇ. ಹತ್ತು ವರ್ಷದ ಹುಡುಗಿಗೆ ಇದು ರೀಪ್ಲೇ ಅನ್ನೋದೂ ಎಷ್ಟೋ ಸಲ ಗೊತ್ತಾಗಲ್ಲ.

(ಮೈಸೂರಿನವರಿಗೆ ಒಂದು ಪಕ್ಕದ ಮಾತು. 1935ರಲ್ಲಿ ಇಲ್ಲಿ ಸ್ವಂತ ಆಸಕ್ತಿಯಿಂದ ರೇಡಿಯೋ ಕೇಂದ್ರ ಶುರು ಮಾಡಿ, ಆಕಾಶವಾಣಿ ಅನ್ನೋ ಹೆಸರನ್ನು ಚಾಲ್ತಿಗೆ ತಂದ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದದ್ದು ಮನಃಶಾಸ್ತ್ರವನ್ನು. ಈಗಿನ ಸ್ಟುಡಿಯೋಗಳಿಗೂ ಒಬ್ಬೊಬ್ಬ ಮನಃಶಾಸ್ತ್ರದ ಮೇಷ್ಟ್ರು ಸಿಕ್ಕಿದ್ದರೆ ಚೆನ್ನಾಗಿತ್ತು.)

ಸರಿ, ಹಿಂದಿನ ಲೆಕ್ಕವನ್ನು ಮನೆಗೆ ತರುವುದು ಹೇಗೆ? ಇಂಟರ್ನೆಟ್ಟಿಗೆ ಹೋಗುವ ಮೊದಲು ಮನೆಯಲ್ಲೇ ಇರುವ ದಾಖಲೆ ಬಿಚ್ಚಿ. ಅಜ್ಜಿ.

ನನ್ನ ಸೋದರತ್ತೆ ಮದ್ದೂರು ಕಡೆಯವರು. ವಯಸ್ಸು ಎಂಬತ್ತು ದಾಟಿದೆ. ಕಳೆದ ದಸರಾ ರಜೆಯಲ್ಲಿ ಮಕ್ಕಳ ಕೈಗೆ ಒಂದು ದೊಡ್ಡ ಡ್ರಾಯಿಂಗ್ ಹಾಳೆ ಕೊಟ್ಟು ವಂಶವೃಕ್ಷ ಬರೆಯಲು ಕೂರಿಸಿದೆವು. ಒಂದೇ ಷರತ್ತು: ಪ್ರತಿಯೊಬ್ಬ ತಾಯಿಯ ಹೆಸರಿನ ಪಕ್ಕ ಎರಡು ಸಂಖ್ಯೆ ಬರೆಯಬೇಕು. ಹುಟ್ಟಿದ್ದು ಎಷ್ಟು, ಉಳಿದದ್ದು ಎಷ್ಟು. ಅತ್ತೆ ತಮ್ಮ ತಾಯಿಯ ಲೆಕ್ಕವನ್ನು ಬೆರಳ ಗೆಣ್ಣಿನ ಮೇಲೆ ಎಣಿಸಿದರು. ಹುಟ್ಟಿದ್ದು ಒಂಬತ್ತು, ಉಳಿದದ್ದು ಐದು. "ಒಂದಕ್ಕೆ ಅಮ್ಮ ಆಗಿತ್ತು. ಎರಡು ವಾಂತಿಭೇದೀಲಿ ಹೋದ್ವು. ಒಂದಕ್ಕೆ ಹೆಸರೇ ಇಟ್ಟಿರ್ಲಿಲ್ಲ." ಹೇಳಿದ ದನಿಯಲ್ಲಿ ಅಳು ಇರಲಿಲ್ಲ. ಆ ಕಾಲಕ್ಕೆ ಅದು ಎಲ್ಲರ ಮನೆಯ ಸಂಗತಿ. ಮುಂದಿನ ಸಾಲು, ಅತ್ತೆಯದೇ: ಐದು, ನಾಲ್ಕು. ಅದರ ಮುಂದಿನದು ಎರಡು, ಎರಡು. ಹಾಳೆಯ ಕೆಳಗೆ ಬರುತ್ತಾ ಬರುತ್ತಾ ಎರಡೂ ಸಂಖ್ಯೆ ಒಂದೇ ಆದದ್ದನ್ನು ಮಕ್ಕಳೇ ಕಂಡುಹಿಡಿದರು. ಯಾರೂ ತೋರಿಸಿಕೊಡಲಿಲ್ಲ.

ಒಂದು ಮನೆಯ ಲೆಕ್ಕ ದೇಶದ ಲೆಕ್ಕವಾಗಲ್ಲ, ನಿಜ. ಹಾಗಾಗಿ ಆ ಹಾಳೆಯ ಪಕ್ಕದಲ್ಲಿ ದೊಡ್ಡ ಲೆಕ್ಕವನ್ನೂ ಇಡಬೇಕು. 1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ಕ್ಕೆ ಅದು 28ಕ್ಕೆ ಇಳಿಯಿತು. ಕರ್ನಾಟಕದಲ್ಲಿ 19. ಲೋಕದ ಲೆಕ್ಕ ನೋಡಿದರೆ 1990ರಲ್ಲಿ 11 ಮಕ್ಕಳಲ್ಲಿ ಒಂದು ಐದು ವರ್ಷ ತುಂಬುವ ಮೊದಲು ಸಾಯುತ್ತಿತ್ತು. 2022ರಲ್ಲಿ 27 ಮಕ್ಕಳಲ್ಲಿ ಒಂದು.

ಇದು ತಾನಾಗಿ ಆದದ್ದಲ್ಲ. ಇಲ್ಲಿ ಸ್ವಲ್ಪ ನಿಲ್ಲಬೇಕು. ಸಂಖ್ಯೆ ಇಳಿದದ್ದನ್ನು ಹೇಳಿ, ಇಳಿಸಿದವರು ಯಾರು ಅನ್ನೋದನ್ನು ಬಿಟ್ಟರೆ ಮಕ್ಕಳಿಗೆ ಅದು ಬರೀ ಅದೃಷ್ಟದ ಹಾಗೆ ಕಾಣುತ್ತದೆ. ಲಸಿಕೆ, ಕುಡಿಯುವ ನೀರು, ಭೇದಿಯಾದಾಗ ಕೊಡುವ ಓಆರ್‌ಎಸ್ ಪೊಟ್ಟಣ, ಆಸ್ಪತ್ರೆ ಹೆರಿಗೆ. ದೇಶದಲ್ಲಿ 1992-93ರಲ್ಲಿ ನೂರಕ್ಕೆ 26 ಹೆರಿಗೆಗಳು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಗೆ ಅದು 88 ದಾಟಿತ್ತು. ಇದರ ಹಿಂದೆ ಮನೆ ಮನೆ ಸುತ್ತಿದ ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ನರ್ಸಮ್ಮಂದಿರು ಇದ್ದಾರೆ. ನಿಮ್ಮ ಬೀದಿಯಲ್ಲೇ ಒಬ್ಬರು ಇರಬಹುದು. ಮಕ್ಕಳಿಗೆ ಅವರನ್ನು ತೋರಿಸಿ.

ಪೋಲಿಯೋ ಕಥೆಯನ್ನಂತೂ ಬಿಡಲೇಬಾರದು. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾಯಿತು. ಭಾನುವಾರ ಬೂತಿನಲ್ಲಿ ಎರಡು ಹನಿ, ಎಡಗೈ ಕಿರುಬೆರಳಿಗೆ ಶಾಯಿ. ಬೂತಿಗೆ ಬರದವರ ಮನೆಗೇ ಹುಡುಕಿಕೊಂಡು ಹೋಗುವುದು, ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕುವುದು. ಆದರೂ 2009ರಲ್ಲಿ ಭಾರತದಲ್ಲಿ 741 ಪ್ರಕರಣ ಸಿಕ್ಕವು. ಆ ವರ್ಷ ಟಿವಿ ನೋಡಿದವರಿಗೆ ಇದು ಮುಗಿಯುವ ಕಥೆಯಲ್ಲ ಅನಿಸಿದ್ದರೆ ತಪ್ಪಿಲ್ಲ. ಎರಡೇ ವರ್ಷಕ್ಕೆ, 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ ಕೊನೆಯ ಪ್ರಕರಣ ಕಂಡಿತು. 2014ರ ಮಾರ್ಚ್ 27ರಂದು ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಬಂತು. ಇವತ್ತಿನ ಕಾಲೇಜು ಹುಡುಗರ ಕಿರುಬೆರಳಿಗೂ ಆ ಶಾಯಿ ಬಿದ್ದಿದೆ.

ಲಸಿಕೆಗೆ ಹೆದರುವುದು ಈಗಿನ ವಾಟ್ಸಾಪ್ ಕಾಲದ ಕಾಯಿಲೆ ಮಾತ್ರ ಅಲ್ಲ. ಸುಮಾರು 1805ರಲ್ಲಿ ಥಾಮಸ್ ಹಿಕಿ ಅನ್ನೋ ಚಿತ್ರಕಾರ ಮೈಸೂರು ಅರಮನೆಯ ಮೂವರು ಹೆಣ್ಣುಮಕ್ಕಳ ಚಿತ್ರ ಬಿಡಿಸಿದ್ದಾರೆ. ಅದರಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಿದ್ದಾರೆ. ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಅದು, ಜನರಿಗೆ ಧೈರ್ಯ ತುಂಬಲೆಂದೇ ಬರೆಸಿದ ಚಿತ್ರ ಇದು ಎಂದು ಇತಿಹಾಸಕಾರರೊಬ್ಬರ ವಾದ. ಅಲ್ಲಿಂದ 1980ರಲ್ಲಿ ಸಿಡುಬು ಲೋಕದಿಂದಲೇ ತೊಲಗಿತು ಎಂದು ಘೋಷಣೆಯಾಗುವವರೆಗೆ ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ನಿಧಾನ ಅಂದರೆ ಎಷ್ಟು ನಿಧಾನ ಅನ್ನೋದೂ ಮಕ್ಕಳಿಗೆ ತಿಳಿಯಲಿ.

ಹತ್ತಿರದ ಉದಾಹರಣೆ ಬೇಕೆಂದರೆ ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯೇ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಆಮೇಲಿನ ತಿಂಗಳುಗಳಲ್ಲಿ ದಿನ ಬೆಳಗಾದರೆ ಸಾವಿನ ಸುದ್ದಿ. ಜನ ಅದನ್ನು ಯಮನ ರಸ್ತೆ ಎಂದರು. ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಸರ್ವೀಸ್ ರಸ್ತೆಗೆ ಕಳಿಸಿದರು. ವೇಗದ ಮಿತಿ ಮೀರಿದವರನ್ನು ಹಿಡಿಯಲು ಕ್ಯಾಮೆರಾ ಬಂದವು, ದಂಡದ ಮೆಸೇಜ್ ಮೊಬೈಲಿಗೇ ಬರತೊಡಗಿತು. 2024ರಲ್ಲಿ ಸಾವುಗಳು ಹಿಂದಿನ ವರ್ಷದ ಅರ್ಧಕ್ಕಿಂತ ಕಡಿಮೆಯಾದವು. ಯಮನ ರಸ್ತೆ ಅನ್ನೋ ಸುದ್ದಿ ನಾವೆಲ್ಲ ನೋಡಿದ್ದೇವೆ. ಸಾವು ಇಳಿದ ಸುದ್ದಿ ಎಷ್ಟು ಜನ ನೋಡಿದ್ದೀರಿ? ಹಾಗಂತ ಆ ರಸ್ತೆ ಈಗ ಸುರಕ್ಷಿತ ಎಂದು ಹೇಳುತ್ತಿಲ್ಲ. ಈಗಲೂ ಅಲ್ಲಿ ಜನ ಸಾಯುತ್ತಿದ್ದಾರೆ. ಕೆಟ್ಟದ್ದು ಇನ್ನೂ ಇದೆ, ಮೊದಲಿಗಿಂತ ವಾಸಿಯೂ ಆಗಿದೆ. ಈ ಎರಡು ಮಾತನ್ನು ಒಟ್ಟಿಗೆ ಹೇಳೋದು ದೊಡ್ಡವರಿಗೇ ಕಷ್ಟ. ಮಕ್ಕಳಿಗೆ ಅಷ್ಟು ಕಷ್ಟವಿಲ್ಲ. "ಜ್ವರ ಇದೆ, ಆದ್ರೆ ನಿನ್ನೆಗಿಂತ ಕಮ್ಮಿ" ಅಂದರೆ ಅವರಿಗೆ ಅರ್ಥವಾಗುತ್ತದೆ ತಾನೇ?

ಆದರೆ ಲೆಕ್ಕ ಯಾವಾಗಲೂ ನಮ್ಮ ಪರವಾಗಿಯೇ ಇರಲ್ಲ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಎಷ್ಟು ಹೆಣ್ಣುಮಕ್ಕಳು ಅನ್ನೋ ಲೆಕ್ಕ 1961ರಲ್ಲಿ ದೇಶದಲ್ಲಿ 976 ಇತ್ತು. 2011ಕ್ಕೆ 920ಕ್ಕಿಂತ ಕೆಳಗೆ ಇಳಿಯಿತು. ಭ್ರೂಣದ ಲಿಂಗ ಪತ್ತೆ ಮಾಡಬಾರದೆಂಬ ಕಾನೂನು 1994ರಲ್ಲೇ ಬಂದಿದೆ. ಹೀಗಿದ್ದೂ 2023ರಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲವನ್ನು ಪೊಲೀಸರು ಹಿಡಿದರು. ಬೆಲ್ಲ ಕಾಯಿಸುವ ಜಾಗದಲ್ಲಿ! ಓದು, ಆಸ್ಪತ್ರೆ, ಯಂತ್ರ ಎಲ್ಲ ಬಂದ ಮೇಲೂ ಒಂದು ವಿಷಯ ಹಿಂದಕ್ಕೆ ಹೋಗಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹೈಸ್ಕೂಲ್ ಮಕ್ಕಳ ಹತ್ತಿರ, ಗಂಡು ಹುಡುಗರ ಹತ್ತಿರವಂತೂ ಖಂಡಿತ, ಇದನ್ನು ಮುಚ್ಚಿಡದೆ ಮಾತಾಡಬೇಕು. ಎಲ್ಲ ಒಳ್ಳೆಯದೇ ಆಗುತ್ತಿದೆ ಎಂದು ಸುಮ್ನೆ ಬೆಣ್ಣೆ ಹಚ್ಚಿದರೆ ಒಂದು ದಿನ ಅವರಿಗೇ ಗೊತ್ತಾಗುತ್ತದೆ. ಆಮೇಲೆ ನೀವು ಹೇಳಿದ ನಿಜವನ್ನೂ ನಂಬಲ್ಲ.

ಇನ್ನೊಂದು ಎಚ್ಚರ. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲೇ ಇಲ್ಲ, ಮಂಡ್ಯದಲ್ಲಿ ದಿನವೂ ಕಾವೇರಿ ಹೋರಾಟ. 2024ರಲ್ಲಿ ತುಂಬಿತು. 2025ರಲ್ಲಂತೂ ಜೂನ್ ತಿಂಗಳಲ್ಲೇ ತುಂಬಿತು, ಕಟ್ಟೆಯ ಇತಿಹಾಸದಲ್ಲೇ ಮೊದಲ ಸಲ. ಈ ಮೂರು ವರ್ಷ ನೋಡಿ ಇನ್ನು ಕಾವೇರಿಗೆ ಬರವೇ ಇಲ್ಲ ಎಂದು ಯಾವ ರೈತನೂ ಹೇಳಲ್ಲ. ವರ್ಷ ವರ್ಷ ಏರಿಳಿಯುವ ಲೆಕ್ಕವೇ ಬೇರೆ, ಐವತ್ತು ವರ್ಷ ಒಂದೇ ದಿಕ್ಕಿಗೆ ಹೋಗುವ ಲೆಕ್ಕವೇ ಬೇರೆ. ಮಕ್ಕಳ ಸಾವಿನದು ಎರಡನೇ ಜಾತಿಗೆ ಸೇರಿದ್ದು. ಭೂಮಿಯ ಬಿಸಿಯೂ ಅದೇ ಜಾತಿ, ಆದರೆ ತಪ್ಪು ದಿಕ್ಕಿಗೆ: ದಾಖಲೆ ಇಟ್ಟಾಗಿನಿಂದ ಅತಿ ಬಿಸಿಯಾದ ವರ್ಷ 2024. ಪಿಯುಸಿ ಓದುವ ಮಗಳು ಇದನ್ನು ಓದಿ ಕಂಗಾಲಾಗಿದ್ದರೆ ಅದನ್ನು ಅಲ್ಲಗಳೆಯಬೇಡಿ. ಸೋಲಾರ್ ಪ್ಯಾನೆಲ್‌ಗಳ ಬೆಲೆ 2010ರ ನಂತರದ ಹತ್ತೇ ವರ್ಷಗಳಲ್ಲಿ ಎಷ್ಟು ಪಾಲು ಇಳಿಯಿತು, ಪಾವಗಡದಲ್ಲಿ 2,000 ಮೆಗಾವ್ಯಾಟ್ ದಾಟಿದ ಸೋಲಾರ್ ಪಾರ್ಕ್ ಹೇಗೆ ಎದ್ದಿತು ಅನ್ನೋದನ್ನೂ ಅವಳ ಕೈಲೇ ಹುಡುಕಿಸಿ.

ಇನ್ನು ಮೊಬೈಲ್. 2024ರ ಡಿಸೆಂಬರ್ 31ರ ಬೆಳಗಿನ ಜಾವ ಮೈಸೂರಿನ ಹೆಬ್ಬಾಳದ ಕಡೆ ಐಟಿ ಕ್ಯಾಂಪಸ್ ಒಂದರಲ್ಲಿ ಚಿರತೆ ಕಾಣಿಸಿದ್ದು ನಿಮಗೆ ನೆನಪಿರಬೇಕು. ಅದು ನಿಜ. ಆದರೆ ನಮ್ಮ ಬಡಾವಣೆಯ ಗ್ರೂಪಿಗೆ "ನಮ್ಮ ರಸ್ತೇಲೇ ಈಗ ತಾನೇ" ಎಂದು ಒಂದು ವಿಡಿಯೋ ಬಂತು. ಕಾರಿನ ಬಾನೆಟ್ ಮೇಲೆ ಚಿರತೆ. ಎಂಟನೇ ಕ್ಲಾಸಿನ ಹುಡುಗ ಅದನ್ನು ನಿಲ್ಲಿಸಿ, ಬೆರಳಲ್ಲಿ ಹಿಗ್ಗಿಸಿ ನೋಡಿದ. ಹಿಂದಿನ ಅಂಗಡಿಯ ಬೋರ್ಡು ಗುಜರಾತಿಯಲ್ಲಿತ್ತು. ಅಷ್ಟೇ, ಭಯ ಹೋಯಿತು, ನಗು ಬಂತು. ಬೋರ್ಡಿನ ಭಾಷೆ, ಗಾಡಿಯ ನಂಬರ್ ಪ್ಲೇಟ್, ಜನರ ಬಟ್ಟೆ, ನೆರಳು: ಇವನ್ನು ನೋಡುವುದು ಮಕ್ಕಳಿಗೆ ಪತ್ತೇದಾರಿ ಆಟದಷ್ಟೇ ಇಷ್ಟ. ಮೆಸೇಜಿನ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಬಹಳ ಕೈ ದಾಟಿ ಬಂದಿದೆ ಎಂದರ್ಥ, ಅದನ್ನೂ ಹೇಳಿಕೊಡಿ.

ಇದು ಬರೀ ಆಟವೂ ಅಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಸುಳ್ಳು ಮೆಸೇಜು ನಂಬಿ ಜನ ಸೇರಿ ಹೊಡೆದು, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬರು, ಬೀದರ್ ಜಿಲ್ಲೆಯಲ್ಲಿ ಒಬ್ಬರು ಸತ್ತರು. ಇಬ್ಬರೂ ಅಮಾಯಕರು. ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆ ಮಾತ್ರ ಫಾರ್ವರ್ಡ್ ಎಂಬ ಮಿತಿ ತಂದದ್ದು ಆ ವರ್ಷವೇ.

ಅಜ್ಜಿಯೋ ದೊಡ್ಡಪ್ಪನೋ ಸುಳ್ಳು ಮೆಸೇಜ್ ಹಾಕಿದಾಗ ಗ್ರೂಪಿನಲ್ಲೇ ಎಲ್ಲರ ಮುಂದೆ ತಿದ್ದಬೇಡಿ. ಮಾನ ಹೋಯಿತು ಅನಿಸಿದರೆ ಹಟಕ್ಕೆ ಇನ್ನೂ ನಾಲ್ಕು ಹಾಕುತ್ತಾರೆ. ಫೋನ್ ಮಾಡಿ, ಊಟ ಆಯ್ತಾ ಎಂದು ಕೇಳಿ, ಆಮೇಲೆ "ಅದು ಹಳೇದಂತೆ ದೊಡ್ಡಪ್ಪ, ಅಳಿಸಿಬಿಡಿ" ಅಂದರೆ ಎಷ್ಟೋ ಸಲ ಅಳಿಸುತ್ತಾರೆ.

ಟಿವಿಗೂ ಒಂದು ಹೊತ್ತು ಗೊತ್ತು ಮಾಡಿ. ಏಳೆಂಟು ವರ್ಷದೊಳಗಿನ ಮಕ್ಕಳಿರುವಾಗ ಯುದ್ಧದ, ಅಪಘಾತದ ದೃಶ್ಯ ಬೇಡವೇ ಬೇಡ. ಅವರು ಕೇಳಿದಷ್ಟಕ್ಕೆ ಮಾತ್ರ ಉತ್ತರ ಹೇಳಿ. "ಆ ಯುದ್ಧ ನಮ್ಮನೆಗೆ ಬರುತ್ತಾ?" ಎಂದರೆ ಮ್ಯಾಪ್ ತೆಗೆದು ಅದೆಲ್ಲಿದೆ, ನಾವೆಲ್ಲಿದ್ದೇವೆ ಎಂದು ಬೆರಳಿಟ್ಟು ತೋರಿಸಿ. ದೊಡ್ಡ ಮಕ್ಕಳ ಜೊತೆ ಕೂತು ನೋಡಿ, ಮಧ್ಯೆ ಮ್ಯೂಟ್ ಮಾಡಿ ಮಾತಾಡಿ. ಮ್ಯೂಸಿಕ್ ಇಲ್ಲದೆ ನೋಡಿದರೆ ಅರ್ಧ ಬ್ರೇಕಿಂಗ್ ನ್ಯೂಸ್ ಬ್ರೇಕಿಂಗ್ ಅನಿಸುವುದೇ ಇಲ್ಲ, ಪರೀಕ್ಷೆ ಮಾಡಿ ನೋಡಿ.

ಕೊನೆಗೆ ಒಂದು ಪಂದ್ಯ ಹೇಳುತ್ತೇನೆ. ಮುಂದಿನ ಜನಗಣತಿ 2027ರಲ್ಲಿ ನಡೆಯಬೇಕು. ಮಂಡ್ಯ ಜಿಲ್ಲೆಯಲ್ಲಿ ಓದು ಬರಹ ಬಲ್ಲವರು 2001ರಲ್ಲಿ ನೂರಕ್ಕೆ 61, 2011ರಲ್ಲಿ 70. ಈ ಸಲ ಎಷ್ಟಾಗಬಹುದು? ಸಾವಿರ ಗಂಡುಮಕ್ಕಳಿಗೆ ಎಷ್ಟು ಹೆಣ್ಣುಮಕ್ಕಳು ಅನ್ನೋ ಲೆಕ್ಕ ಏರಿರುತ್ತಾ, ಇಳಿದಿರುತ್ತಾ? ಮನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಊಹೆಯನ್ನು, ಯಾಕೆ ಹಾಗನಿಸುತ್ತದೆ ಅನ್ನೋದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ತಾರೀಖು ಹಾಕಿ ಇಡಿ. ಅಂಕಿ ಹೊರಬಂದ ದಿನ ಯಾರ ಊಹೆ ದೂರವೋ ಅವರ ಖರ್ಚಿನಲ್ಲಿ ಎಲ್ಲರಿಗೂ ಮದ್ದೂರು ವಡೆ.